ಎರಡು ಸಾಲಿನ ಬೇಲಿ

ಮಾರ್ಚ್ 3, ಬೆಳಗ್ಗೆ

ಬೇಲಿಗೆ ನೀರು ಬಿಟ್ಟು ಬಂದೆ. ಈಗ ನನ್ನ ತಲೆಗಿಂತ ಎತ್ತರ. ನಮ್ಮ ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆಯ ಅಡುಗೆಮನೆ ಕಾಣುವುದಿಲ್ಲ. ಅಂದರೆ ವಾರಗಿತ್ತಿಯ ಮುಖವೂ ಕಾಣುವುದಿಲ್ಲ. ನೆಮ್ಮದಿ.

ಗುಡ್ಡದಂಚಿನ ಈ ಹೊಸ ಲೇಔಟ್‌ನಲ್ಲಿ ಅಣ್ಣ ತಮ್ಮ ಅಕ್ಕಪಕ್ಕ ಮನೆ ಕೊಂಡಾಗ, ಅಡುಗೆಮನೆಗಳು ಎದುರುಬದುರೇ ಇರಬೇಕು ಅಂತ ಹಟ ಹಿಡಿದವರು ನಾವು ವಾರಗಿತ್ತಿಯರಿಬ್ಬರೇ. ಕಿಟಕಿಯಲ್ಲೇ ಮಾತಾಡಬಹುದಂತೆ! ನಮ್ಮ ಬುದ್ಧಿಗಿಷ್ಟು...

ಮೊದಲ ವಾರವೇ ಬಂದ ನೆಂಟರ ಎದುರಿಗೆ ಅಂದಳು: "ಅಕ್ಕನ ಮನೆಗೆ ಹೋದ್ರೆ ಕಾಫಿಗಿಂತ ಮುಂಚೆ ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ಪಾಠ ಆಗುತ್ತೆ." ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಯಜಮಾನರೂ! ಮರುದಿನವೇ ನರ್ಸರಿಗೆ ಹೋಗಿ, ಬೇಗ ಬೆಳೆಯುವ ಸೂಜಿಯೆಲೆಯ ಗಿಡ ತಂದು ಸಾಲಾಗಿ ನೆಟ್ಟೆ. ಅವಳೇನು ಕಮ್ಮಿಯೇ? ತನ್ನ ಬದಿಯಲ್ಲೂ ಅದೇ ಗಿಡದ ಇನ್ನೊಂದು ಸಾಲು ನೆಡಿಸಿದಳು. ಅದರಲ್ಲೂ ಪೈಪೋಟಿ.

ಮಾರ್ಚ್ 9, ಸಂಜೆ

ಅಗ್ನಿಶಾಮಕದವರ ಬೇಸಿಗೆ ತಪಾಸಣೆ. ಬಂದವರು ಅದೇ ಐದಡಿ ಸಾಹೇಬರು — ಟೇಪ್ ಹಿಡಿದು ಎಲ್ಲರ ಗೋಡೆಯಿಂದಲೂ ಐದಡಿ ಅಳೆಯುತ್ತಾರಾದ್ದರಿಂದ ಆ ಹೆಸರು. ಅಷ್ಟು ಜಾಗದಲ್ಲಿ ಉರಿಯುವಂಥದ್ದು ಏನೂ ಇರಕೂಡದು, ಬರೀ ಜಲ್ಲಿ. ಅದರಾಚೆ ಗಿಡ ಇರಬಹುದು, ಒಂದಕ್ಕೊಂದು ತಾಗಬಾರದು. ಕಳೆದ ವರ್ಷ ಬೇಲಿ ಸೊಂಟದೆತ್ತರ ಇತ್ತು, ಬರೀ ಎಚ್ಚರಿಸಿ ಹೋಗಿದ್ದರು.

"ಒಂದು ಬೇಲಿ ಸಾಲ್ದು ಅಂತ ಎರಡಾ ತಾಯಿ?"

ಎರಡು ಸಾಲಿನ ನಡುವೆ ಕೈ ತೂರಿಸಿದರು. ಮೊಣಕೈವರೆಗೂ ತರಗೆಲೆ! ಅದು ಅವಳ ಕಸ ಅಂತ ನಾನು ಗುಡಿಸಿಲ್ಲ, ನನ್ನದು ಅಂತ ಅವಳೂ ಗುಡಿಸಿಲ್ಲ.

"ಗುಡ್ಡಕ್ಕೆ ಬೆಂಕಿ ಬಿದ್ರೆ ಒಂದು ಕಿಡಿ ಹಾರಿದ್ರೂ ಸಾಕು. ಈ ಮನೆಯಿಂದ ಆ ಮನೆಗೆ ನೀವೇ ಬತ್ತಿ ಹೊಸೆದು ಇಟ್ಟಿದ್ದೀರಿ."

"ತುದಿ ಕತ್ತರಿಸಿದ್ರೆ ಆಗಲ್ವಾ ಸಾರ್?"

"ಕ್ಷೌರ ಮಾಡ್ಸಿದ್ರೆ ಆಗಲ್ಲ ತಾಯಿ. ಬುಡಸಮೇತ ಹೋಗ್ಬೇಕು. ತಿಂಗಳ ಕೊನೆಯೊಳಗೆ ತೆಗೀರಿ. ಇಲ್ದಿದ್ರೆ ನಮ್ಮ ಹುಡುಗರೇ ಬಂದು ತೆಗೀತಾರೆ."

ಅವಳು ಮೊದಲು ಕಡಿಸಲಿ. ನಾನ್ಯಾಕೆ ಮೊದಲು?

ಮಾರ್ಚ್ 14, ರಾತ್ರಿ

ಮಧ್ಯಾಹ್ನ ಬೇಲಿಯಾಚೆ ಏಣಿ ಎಳೆದ ಸದ್ದು. ಆಮೇಲೆ ಕತ್ತರಿಯದು — ಕಚಕ್, ಕಚಕ್. ತುದಿ ಕತ್ತರಿಸಿ ಸಾಹೇಬರ ಕಣ್ಣಿಗೆ ಮಣ್ಣೆರಚುವ ಆಸೆ. ಸ್ವಲ್ಪ ಹೊತ್ತಿಗೆ ಧೊಪ್ಪ್! ಏನೋ ಎತ್ತಿ ಬಿಸಾಕಿದಳು. ನನಗೆ ಕೇಳಲಿ ಅಂತಲೇ. ನಾನೂ ಕಿಟಕಿ ದಢಾರಂತ ಮುಚ್ಚಿದೆ.

ರಾತ್ರಿ ಊಟಕ್ಕೆ ಕೂತಾಗ ಇವರು, "ಪಕ್ಕದ ಮನೇಲಿ..." ಅಂತ ಶುರು ಮಾಡಿದರು.

"ಆ ಮನೆ ಸುದ್ದಿ ಇಲ್ಲಿ ಎತ್ಬೇಡಿ ಅಂದಿದ್ದೀನಲ್ಲ ರೀ!"

ಸಾರು ಬಡಿಸಿಕೊಂಡರು.

ಏಪ್ರಿಲ್ 2, ಸಂಜೆ

ಇಬ್ಬರೂ ಕಡಿಸಲಿಲ್ಲ. ಇಲಾಖೆಯವರೇ ಬಂದರು. ಮಧ್ಯಾಹ್ನದೊಳಗೆ ಎರಡೂ ಸಾಲು ಖಾಲಿ. ಲಾರಿಯಿಂದ ಜಲ್ಲಿ ಸುರಿದು, ಹರಡಿ ಹೋದರು.

ಚಹಾಕ್ಕೆ ನೀರಿಡಲು ಹೋಗಿ ತಲೆ ಎತ್ತಿದೆ. ಎದುರು ಕಿಟಕಿಯಲ್ಲಿ ಅವಳು. ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಪಾತ್ರೆ. ಇಳಿದುಹೋಗಿದ್ದಾಳೆ. ತೆರೆದಿದ್ದ ಹಿಂಬಾಗಿಲಲ್ಲಿ ಕಾಲು ಕಾಣಿಸಿತು, ಮಂಡಿಯವರೆಗೆ ಪ್ಲಾಸ್ಟರ್. ನನ್ನನ್ನು ನೋಡಿದಳು. ಇಬ್ಬರೂ ಪರದೆ ಎಳೆಯಲಿಲ್ಲ.

ಇವರನ್ನು ಕೇಳಿದೆ.

"ಏಣಿಯಿಂದ ಬಿದ್ಲು. ಮೂಳೆ ಮುರಿದಿದೆ. ಅವತ್ತೇ ಹೇಳೋಕೆ ಬಂದೆ, ನೀನು ಬಾಯಿ ಮುಚ್ಚಿಸ್ದೆ."

ಆ ಧೊಪ್ಪ್... ಅಯ್ಯೋ ನನ್ನ ಕರ್ಮವೇ. ಹೋಗಬೇಕು. ಯಾವ ಮುಖ ಇಟ್ಟುಕೊಂಡು ಹೋಗಲಿ? ನಾಳೆ ಹೋಗುತ್ತೇನೆ.

ಏಪ್ರಿಲ್ 3

ಹೋಗಲಿಲ್ಲ.

ಏಪ್ರಿಲ್ 5

ಅವಳ ಗೇಟಿನವರೆಗೆ ಹೋದೆ. ವಾಪಸ್ ಬಂದೆ. ಥೂ.

ಏಪ್ರಿಲ್ 6, ಸಂಜೆ. ಶಾಲೆಯ ಹಾಲ್‌ನಲ್ಲಿ

ಗುಡ್ಡ ಹೊತ್ತಿಕೊಂಡಿದೆ. ಮಧ್ಯಾಹ್ನ ಆಕಾಶ ಕೆಂಪಗಾಯಿತು, ಹೊಗೆ ಒಳಗೆಲ್ಲ ನುಗ್ಗಿತು. "ಈಗಲೇ ಹೊರಡಿ!" ಅಂತ ಜೀಪಿನ ಮೈಕ್ ಅರಚುತ್ತಿತ್ತು. ಇವರೂ ಮೈದುನನೂ ಕೆಲಸದಲ್ಲಿ. ಕೆಳಗಿನ ರಸ್ತೆಯಲ್ಲಿ ಇಳಿಯುವವರನ್ನಷ್ಟೇ ಬಿಡುತ್ತಿದ್ದಾರೆ, ಮೇಲೆ ಬರಲು ಬಿಡುತ್ತಿಲ್ಲ ಅಂತ ಫೋನ್. ಕೈಗೆ ಸಿಕ್ಕ ಬ್ಯಾಗಿಗೆ ಕಾಗದಪತ್ರ ತುರುಕಿಕೊಂಡೆ. ಈ ಡೈರಿ ಅದರಲ್ಲೇ ಇತ್ತು. ಕಾರಿನ ಕೀಗೆ ಅಂತ ಅಡುಗೆಮನೆಗೆ ಓಡಿದೆ.

ಎದುರು ಕಿಟಕಿಯಲ್ಲಿ ನಿಂತಿದ್ದಳು. ವಾಕರ್ ಹಿಡಿದುಕೊಂಡು, ನನ್ನನ್ನೇ ನೋಡುತ್ತಾ. ಕರೆಯಲಿಲ್ಲ.

ಜಲ್ಲಿಯ ಮೇಲೆ ನೇರ ನಡೆದೆ. ಬೇಲಿ ಇದ್ದಿದ್ದರೆ ಬೀದಿ ಸುತ್ತಿ ಬರಬೇಕಿತ್ತು. ಅದಿರಲಿ, ಬೇಲಿ ಇದ್ದಿದ್ದರೆ ಅವಳು ಒಬ್ಬಳೇ ಇರುವುದೇ ನನಗೆ ಗೊತ್ತಾಗುತ್ತಿರಲಿಲ್ಲ. ಹೆಗಲು ಕೊಟ್ಟೆ. ಏನು ಭಾರ, ಮಹಾತಾಯಿ! ಕಾರಿನ ಬಾಗಿಲು ತೆಗೆದರೆ ತಡೆದು ನಿಂತಳು. ತಲೆ ಮೇಲೆ ಬೂದಿ ಬೀಳುತ್ತಿದೆ, ಇವಳು ಕೇಳುತ್ತಾಳೆ:

"ಚಪ್ಪಲಿ ಎಲ್ಲಿ ಬಿಡ್ಲಿ ಅಕ್ಕ?"

"ಹಾಕ್ಕೊಂಡೇ ಹತ್ತೇ, ಪುಣ್ಯಾತ್ಗಿತ್ತಿ!"

ಇಬ್ಬರಿಗೂ ನಗು. ಕೆಮ್ಮು. ಗುಡ್ಡ ಇಳಿಯುವವರೆಗೂ ಎರಡೂ ನಿಲ್ಲಲಿಲ್ಲ.

ಮನೆಗಳು ಉಳಿದಿವೆಯೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಐದಡಿ ಸಾಹೇಬರು ಅಲ್ಲೇ ಮೇಲಿದ್ದಾರಂತೆ. ಅವಳ ಕಾಲನ್ನು ನನ್ನ ಬ್ಯಾಗಿನ ಮೇಲೆ ಎತ್ತಿಟ್ಟಿದ್ದೇನೆ. ಆಗಲೇ ಕೇಳಿದೆ:

"ಬಿದ್ದಾಗ ಒಂದು ಕೂಗು ಹಾಕೋಕೆ ಏನಾಗಿತ್ತು ನಿನಗೆ?"

"ಅಕ್ಕಾ ಅಂತ ಕೂಗೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಿಮ್ಮ ಕಿಟಕಿ ಮುಚ್ಚಿದ ಸದ್ದು ಕೇಳ್ತು."

ಅವಳಿಗೆ ನೀರು ತರುತ್ತೇನೆ ಅಂತ ಎದ್ದು ಬಂದು, ನಲ್ಲಿಯ ಹತ್ತಿರ ಅತ್ತೆ. ಇಲ್ಲೇ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಲೋಟ ತುಂಬಿದೆ. ಹೋಗಿ ಅವಳ ಎದುರು ಕೂತು, ನನ್ನ ಬಾಯಿಯಿಂದಲೇ —

ಕೂಗುತ್ತಿದ್ದಾಳೆ. ಇಡೀ ಹಾಲ್‌ಗೆ ಕೇಳುವ ಹಾಗೆ, ಅಕ್ಕಾ ಅಂತ. ಬಂದೆ ಕಣೇ, ಬಂ