ನಟ್ಟನಡುವಿನ ಮನೆ

ಪ್ರಾಹಾ ಕ್ರೀಕ್, ನೆಬ್ರಾಸ್ಕಾ
೬ ನವೆಂಬರ್ ೨೦೧೭

ಪ್ರೀತಿಯ ಮಿಲೋ,

ನಿನ್ನ ಬೆನ್ನುನೋವು ಹೇಗಿದೆ? ಅಲ್ಲಿ ನಾರ್ತ್ ಡಕೋಟಾದಲ್ಲಿ ಆಗಲೇ ಹಿಮ ಬಿದ್ದಿದೆ ಎಂದು ರೇಡಿಯೋದಲ್ಲಿ ಕೇಳಿದೆ. ಎಣ್ಣೆಬಾವಿಯ ಮೇಲೆ ನಿಂತಾಗ ಉಣ್ಣೆಯ ಒಳಂಗಿ ಮರೆಯಬೇಡ. ನಾವು ಆರೋಗ್ಯವಾಗಿದ್ದೇವೆ. ಅತ್ತೆಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ, ನಾಲಿಗೆಯಂತೂ ಮೊದಲಿಗಿಂತ ಚುರುಕಾಗಿದೆ. ಟೆಸ್ಸಿಗೆ ಶಾಲೆಯ ವಾದ್ಯವೃಂದದಲ್ಲಿ ಕೊಳಲು ಸಿಕ್ಕಿದೆ. ಮನೆಯೊಳಗೆ ಊದಬೇಡ ಎಂದರೆ ಅಳುತ್ತಾಳೆ.

ಹೊಲದ ಗೊಬ್ಬರ ಇಳಿದು ಕೆಟ್ಟಿರುವ ಊರಿನ ಬಾವಿಯ ನೀರು ಕೂಸುಗಳಿಗೆ ಕೊಡಬಾರದೆಂದು ಕಳೆದ ವರ್ಷವೇ ಹೇಳಿದ್ದರಲ್ಲ, ಈಗ ಆ ವಿಷಯ. ಪಕ್ಕದ ಬೀದಿಯ ರೋಸಲಿ ಇನ್ನೂ ಅಂಗಡಿಯಿಂದ ನೀರು ತಂದು ಮಗುವಿಗೆ ಹಾಲು ಕಲಸುತ್ತಿದ್ದಾಳೆ. ಹೊಸ ಬಾವಿ, ಕೊಳವೆ, ಶುದ್ಧೀಕರಣ ಎಲ್ಲಕ್ಕೂ ಸರ್ಕಾರ ಅನುದಾನ ಕೊಡುತ್ತದೆ, ಊರು ಬಡವಾಗಿದ್ದರೆ ಮಾತ್ರ. ಇಲ್ಲವಾದರೆ ಸಾಲ, ಆಮೇಲೆ ನೀರಿನ ಬಿಲ್ಲು ಮೂರು ಪಟ್ಟು. ಬಡತನ ಅಳೆಯುವುದು ಹೀಗಂತೆ: ಎಲ್ಲ ಮನೆಗಳನ್ನೂ ವರಮಾನದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಲ್ಲುವ ಮನೆಯ ವರಮಾನ ನೋಡುವುದು. ನಮ್ಮ ಕೌಂಟಿಯ ಆ ಅಂಕಿ ವರ್ಷ ವರ್ಷವೂ ಏರುತ್ತಿದೆ ಎಂದು ಪೇಪರಿನಲ್ಲಿ ಬಂದಾಗ ನಾವೆಲ್ಲ ಹಿಗ್ಗುತ್ತಿದ್ದೆವು, ನೆನಪಿದೆಯೇ? ಮಾಂಸದ ಕಾರ್ಖಾನೆ ಮುಚ್ಚಿದ ವರ್ಷ ಕುಸಿದಿದ್ದದ್ದು ಮತ್ತೆ ಎದ್ದಿತೆಂದು. ಎದ್ದದ್ದು ನಾವಲ್ಲ. ಒಮಾಹಾದಿಂದ ನಿವೃತ್ತರಾಗಿ ಬಂದವರು ಕೆರೆದಂಡೆಯಲ್ಲಿ ಕಟ್ಟಿಕೊಂಡ ಮನೆಗಳು. ಕೆಲಸ ಹೋದವರು ಊರು ಬಿಟ್ಟಿದ್ದರಿಂದ ಸಾಲಿನ ಕೆಳಗಿನ ತುದಿಯೂ ಖಾಲಿಯಾಗಿತ್ತು. ಅದೂ ಅಲ್ಲದೆ ಕೆಲವೇ ಮನೆಗಳನ್ನು ಕೇಳಿ ಹಾಕಿದ ಅಂದಾಜು ಅದು. ಆ ಅಂಕಿ ಹಿಡಿದರೆ ನಮ್ಮೂರು ಬಡ ಊರಲ್ಲ, ಅನುದಾನವೂ ಇಲ್ಲ. ಅದಕ್ಕೇ ಊರಿನವರು ಪಟ್ಟುಹಿಡಿದು, ನಮ್ಮೂರಿನಲ್ಲಷ್ಟೇ ಮನೆಮನೆಗೆ ಹೋಗಿ ಕೇಳಿ ಎಂದು ಹೊಸ ಸಮೀಕ್ಷೆ ತರಿಸಿದರು.

ಸಮೀಕ್ಷೆಗೆ ಬಂದದ್ದು ಲಿಂಕನ್ನಿನ ಪೆಟ್ಸ್ಕಾ ಎಂಬ ಹೆಂಗಸು. ದಾರಿ ತೋರಿಸಲು ಎದುರುಮನೆಯ ಯಾರ್ಮಿಲಾ ಜೊತೆಗಿದ್ದಳು. ಮೆಟ್ಟಿಲು ಹತ್ತುವಾಗಲೇ ಯಾರ್ಮಿಲಾ ನಗುತ್ತಾ, "ಮಿಲೋ ಎಣ್ಣೆ ದುಡ್ಡು ಸೇರಿಸಿದ್ರೆ ನಿಮ್ಮನೆ ಒಂದೇ ಸಾಕು ಕಣೇ ಆರ್ಲೀನ್, ಊರನ್ನೇ ಸಾಹುಕಾರ ಮಾಡೋಕೆ" ಅಂದಳು. ರೋಸಲಿಯ ಮಗು ಕಣ್ಣ ಮುಂದೆ ಬಂತು. ಪೆಟ್ಸ್ಕಾ, "ನಿಮ್ಮ ಯಜಮಾನ್ರು ಕೆಲಸಕ್ಕೆ ಅಂತ ಹೊರಗಿದ್ರೂ ಈ ಮನೆಯವರೇ ಅಂತ ಲೆಕ್ಕ, ಅಲ್ವಾ?" ಎಂದು ಕೇಳಿದಳು. ನಾನು, "ಇಲ್ಲ. ಅವನು ನಮ್ಮನ್ನ ಬಿಟ್ಟು ಹೋಗಿದಾನೆ" ಅಂದುಬಿಟ್ಟೆ.

ಯಾರ್ಮಿಲಾಳ ನಗು ನಿಂತಿತು. ಅವರು ಹೋದ ಮೇಲೆ ಒಳಗಿನಿಂದ ಅತ್ತೆ, "ಸತ್ತೇಹೋದ ಅಂತ ಹೇಳಿದ್ರೆ ಆಗ್ತಿತ್ತಲ್ಲ, ವಿಧವೆ ಪಿಂಚಣಿನಾದ್ರೂ ಬರ್ತಿತ್ತು" ಅಂದರು. ಆಮೇಲೆ ಎರಡು ದಿನ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ.

ಯಾರ್ಮಿಲಾ ಸುಮ್ಮನಿದ್ದಾಳೆಯೇ? ಮರುದಿನ ರೋಸಲಿ ನೂಡಲ್ಸಿನ ತಟ್ಟೆ ಹಿಡಿದು ಬಂದು ನನ್ನನ್ನು ತಬ್ಬಿಕೊಂಡಳು. ಮುದುಕ ಬೋಹುಸ್ ಗಸಗಸೆ ತುಂಬಿದ ಕೊಲಾಚೆ ಬನ್ನು ತಂದ. ಪಾದ್ರಿಗಳು ಬಂದು ಕುಳಿತು ಹೋದರು. ನಾನು ನಿಜ ಹೇಳಲಿಲ್ಲ. ಎಲ್ಲರ ತಟ್ಟೆಯನ್ನೂ ತೆಗೆದುಕೊಂಡೆ. ಭಾನುವಾರ ಪೂಜೆಯಲ್ಲಿ ಟೆಸ್ಸಿಯ ಬೆನ್ನು ಸವರಿದವರನ್ನು ಕಂಡಾಗ ಮಾತ್ರ ತಡೆಯಲಾಗದೆ, ಮರುದಿನ ಅಗ್ನಿಶಾಮಕದವರ ಕಟ್ಟಡದಲ್ಲಿ ಕುಳಿತಿದ್ದ ಪೆಟ್ಸ್ಕಾಳ ಬಳಿ ಹೋಗಿ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ನಿನ್ನ ಸಂಬಳ ಸೇರಿಸಿಕೊಂಡಳು. "ಒಂದು ಮನೆ ಎಷ್ಟೇ ದುಡಿದ್ರೂ ಸಾಲಿನಲ್ಲಿ ಅದು ಒಂದೇ ಮನೆ ಕಣಮ್ಮ. ನಡುವಿನ ಮನೆ ಅನುದಾನಕ್ಕೆ ಹಾಕಿದ ಗೆರೆಗಿಂತ ಎಷ್ಟೋ ಕೆಳಗಿದೆ. ನೀವು ಸುಳ್ಳು ಹೇಳೋದೇ ಬೇಕಿರಲಿಲ್ಲ" ಅಂದಳು.

ಅನುದಾನ ಸಿಗುವುದು ಖಚಿತವಂತೆ. ಆದರೆ ಮಿಲೋ, ನಿನ್ನ ಸಂಬಳ ಸೇರಿದರೆ ಆ ಸಾಲಿನಲ್ಲಿ ನಾವು ಮೇಲಿನ ತುದಿಯ ಹತ್ತಿರ ನಿಲ್ಲುತ್ತೇವೆ. ಇಷ್ಟು ದಿನ ನಾವೇ ಕಷ್ಟದಲ್ಲಿದ್ದೇವೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ತಮ್ಮ ಮನೆಗೇ ಸಾಕಾಗದಿದ್ದವರು ನನಗೆ ಅಡುಗೆ ಮಾಡಿ ತಂದಿದ್ದರು. ನಿನ್ನೆ ತಟ್ಟೆಗಳನ್ನು ತೊಳೆದು ಮನೆಮನೆಗೆ ಹಿಂದಿರುಗಿಸಿ ನಿಜ ಹೇಳಿ ಬಂದೆ. ಬೋಹುಸ್ ನಕ್ಕ. ಯಾರ್ಮಿಲಾ ಬಾಗಿಲು ಪೂರ್ತಿ ತೆರೆಯಲಿಲ್ಲ. ರೋಸಲಿ ತಟ್ಟೆ ತೆಗೆದುಕೊಂಡು, "ಪರವಾಗಿಲ್ಲ" ಅಂದಳು, ನನ್ನ ಮುಖ ನೋಡಲಿಲ್ಲ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಟೆಸ್ಸಿಯ ಮುತ್ತು. ದೇವರು ನಿನ್ನನ್ನು ಆ ಬಾವಿಗಳ ಮೇಲೆ ಕಾಯಲಿ.

ನಿನ್ನ
ಆರ್ಲೀನ್

ತಾ.ಕ.: ಅಂಚೆಯವನು ಬಂದ, ಬೇಗ ಬರೆಯುತ್ತೇನೆ. ಬಿಟ್ಟು ಹೋಗಿದ್ದಾನೆ ಎಂದಾಗ ನನ್ನ ದನಿ ನಡುಗಲಿಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಈಸ್ಟರಿಗೆ ನೀನು ಬರಲಿಲ್ಲ, ಟೆಸ್ಸಿಯ ಹುಟ್ಟುಹಬ್ಬಕ್ಕೂ ಬರಲಿಲ್ಲ, ಈಗ ಥ್ಯಾಂಕ್ಸ್‌ಗಿವಿಂಗಿಗೂ ರಜೆಯಿಲ್ಲವೆಂದು ಬರೆದಿದ್ದೀಯ. ನಾನು ನಿನ್ನ ಕ್ಷಮೆ ಕೇಳುವ ಮೊದಲು ಇದೊಂದು ಹೇಳು ಮಿಲೋ. ನಾನು ಹೇಳಿದ್ದು ಸುಳ್ಳೇ ತಾನೇ?