ಹಳದಿ ಸಾಲು

ಭಾನುವಾರ, ಮಧ್ಯಾಹ್ನ

ಇವರಿಗೆ,

('ಅವರಿಗೆ' ಎಂದು ದೂರವಿಟ್ಟು ಬರೆಯಲು ಇನ್ನೂ ಕೈ ಬರಲಿಲ್ಲ.)

ಅತ್ತೆ ಚೆನ್ನಾಗಿದ್ದಾರೆ. ಮೊಣಕಾಲು ಮೊದಲಿನಂತೆಯೇ, ಬಾಯಿಯೂ ಮೊದಲಿನಂತೆಯೇ.

ಕಡಲೆಕಾಯಿ ಕಿತ್ತಾಯಿತು. ಫೋನಿನಲ್ಲಿ ನೀವು ಅರ್ಧ ಕೇಳಿ ಇಟ್ಟಿರಿ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ರೂಪಿಸಿದ ಹೊಸ ತಳಿ ಗೊಬ್ಬರವಿಲ್ಲದೆಯೂ ಗಿಡದ ತುಂಬ ಕಾಯಿ ಕಟ್ಟಿದೆ. ಬೇರುಗಂಟನ್ನು ಉಗುರಿನಿಂದ ಸೀಳಿದರೆ ಒಳಗೆಲ್ಲ ಕೆಂಪು. ಗಾಳಿಯ ಸಾರಜನಕ ಹಿಡಿದು ತನ್ನ ಊಟ ತಾನೇ ಮಾಡಿಕೊಂಡಿದೆ ಎನ್ನಲು ನನಗೆ ಅಷ್ಟು ಸಾಕು. ಹೊಸ ತಳಿಗಳಿಗೆ ಒಪ್ಪಿಗೆ ಕೊಡುವ ನಿಮ್ಮ ಕೇಂದ್ರ ಕಚೇರಿಯ ಸಮಿತಿಗೆ ಸಾಲದು. ಎಷ್ಟು ಹಿಡಿದಿದೆ ಎಂದು ತೋರಿಸಲು ಪಕ್ಕದಲ್ಲಿ ಬೇರುಗಂಟೇ ಕಟ್ಟದ ಜಾತಿಯ ಒಂದು ಸಾಲು ಬೇಕು. ಅದು ಹಸಿದು ಹಳದಿಯಾಗಬೇಕು. ಎರಡರ ನಡುವಿನ ಅಂತರವೇ ನಮ್ಮ ಅಳತೆ.

ನಾನು ತರಬೇತಿಗೆ ಹೋಗಿದ್ದ ವಾರ ಅತ್ತೆ ಆ ಸಾಲಿಗೆ ಯೂರಿಯಾ ಹಾಕಿಬಿಟ್ಟರು. ಬಕೆಟ್ಟಿನಲ್ಲಿ ಕರಗಿಸಿ, ಒಂದೊಂದು ಬುಡಕ್ಕೂ ಬಗ್ಗಿ. ಬಂದು ನೋಡಿದರೆ ಮನೆಯ ಹಿಂದಿನ ಪ್ರಯೋಗದ ತಾಕೆಲ್ಲ ಒಂದೇ ಹಸಿರು. "ಕಾಮಾಲೆ ಬಂದ ಹಾಗಿತ್ತು ಕಣೇ, ನೋಡೋಕಾಗ್ಲಿಲ್ಲ. ಒಂದನ್ನ ಉಪವಾಸ ಕೆಡವಿ ಇನ್ನೊಂದನ್ನ ಹೊಗಳೋದು ಅದ್ಯಾವ ಓದು?" ಎಂದರು. ಅಂತರ ಹೋಯಿತು. ಲೆಕ್ಕದ ಪ್ರಕಾರ ನನ್ನ ತಳಿ ಗಾಳಿಯಿಂದ ಏನೂ ಹಿಡಿದಿಲ್ಲ.

ಹೋದ ವರ್ಷದ ಹಳದಿ ಸಾಲಿನ ಅಂಕಿ ಹಾಕಿಬಿಡು, ಯಾರು ನೋಡ್ತಾರೆ ಅಂದಿರಿ. ಹೋದ ವರ್ಷದ ಮಳೆ ಬೇರೆ, ತಾಕು ಬೇರೆ. ಹಾಕುವುದಿಲ್ಲ. ಈ ಬಾರಿ ತಳಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಮುಂದಿನ ಹಂಗಾಮಿನಲ್ಲಿ ಮತ್ತೆ ಬಿತ್ತುತ್ತೇನೆ.

ಅಲ್ಲಿಗೆ, ಈ ತಳಿಯ ಪರೀಕ್ಷೆ ಮುಗಿದ ಕೂಡಲೇ ಈ ಕ್ವಾರ್ಟರ್ಸ್ ಖಾಲಿ ಮಾಡಿ ನಾನೊಂದು ಕಡೆ, ಅತ್ತೆ ನಿಮ್ಮ ಕಡೆ ಎಂದು ನೀವೂ ನಾನೂ ಮಾಡಿಕೊಂಡ ಒಪ್ಪಂದವೂ ಒಂದು ವರ್ಷ ಮುಂದೆ ಹೋಯಿತು. ಅವರ ಕೋಣೆಗೆ ಬಣ್ಣ ಹೊಡೆಸಿದ್ದೀರಂತೆ, ಅತ್ತೆಯೇ ಹೇಳಿದರು. ಚೆನ್ನಾಗಿ ಒಣಗಲಿ.

ಇಂತಿ,
ನಿಮ್ಮ ತಾಯಿಯ ಸೊಸೆ

ಮತ್ತೆ: ಹಳದಿ ಸಾಲು ಯಾಕೆಂದು ಬಿತ್ತನೆಯ ದಿನವೇ ಅತ್ತೆಗೆ ಹೇಳಿದ್ದೆ. ನಾನು ತರಬೇತಿಗೆ ಹೊರಡುವ ಮೊದಲೇ ಅದನ್ನವರು ಪಕ್ಕದ ಮನೆಯಾಕೆಗೆ ನನಗಿಂತ ಚೆನ್ನಾಗಿ ಬಿಡಿಸಿ ಹೇಳಿದ್ದು ಅಡುಗೆಮನೆಯ ಕಿಟಕಿಯಲ್ಲಿ ನನ್ನ ಕಿವಿಗೆ ಬಿದ್ದಿದೆ. ಯೂರಿಯಾ ಯಾಕೆ ಹಾಕಿದಿರೆಂದು ನಾನು ಅವರನ್ನು ಕೇಳಿಲ್ಲ. ನೀವೂ ಕೇಳಬೇಡಿ.