ಮಾವ ಬಸ್ಸು ಓಡಿಸಿದ ಮೇಲೆ

ಮನೆಯಿಂದ
ಗುರುವಾರ, ಸೆಪ್ಟೆಂಬರ್ ೧೯, ಮಧ್ಯಾಹ್ನ

ಮರಿಯ ಅಪ್ಪನಿಗೆ ನಮಸ್ಕಾರ.

ಹೇಗಿದ್ದೀರಿ? ಎಡಗಿವಿಯ ನೋವು ಕಡಿಮೆಯಾಯಿತೇ? ಇಂಜಿನ್ ಕೋಣೆಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳಿ ಅಂತ ಎಷ್ಟು ಹೇಳಿದರೂ ನೀವು ಕೇಳುವವರಲ್ಲ. ಆಮೇಲೆ ಮನೆಗೆ ಬಂದು ನಾನು ಹೇಳಿದ್ದು ಕೇಳಿಸಲಿಲ್ಲ ಅನ್ನಬೇಡಿ. ನಿಮಗೆ ಬೇಡದ ಮಾತು ಮಾತ್ರ ಕೇಳಿಸುವುದಿಲ್ಲ ಅಂತ ನನಗೆ ಮದುವೆಯಾದ ವರ್ಷವೇ ಗೊತ್ತಾಗಿದೆ. ಮರಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು, ಈಗ ನಕ್ಕರೆ ಥೇಟ್ ನಿಮ್ಮ ಅಕ್ಕ. ನನ್ನ ಮೆಷಿನ್ನಿನ ಹತ್ತಿರ ಶಾಲೆಯ ಅಂಗಿಗಳು ರಾಶಿ ಬಿದ್ದಿವೆ, ಕಾಲರ್ ಹಚ್ಚುವುದೊಂದು ಬಾಕಿ. ಅದನ್ನು ಬಿಟ್ಟು ಬರೆಯಲು ಕೂತಿದ್ದೇನೆ. ಹಡಗಿನಿಂದ ನೀವು ಮಾಡುವ ಫೋನು ಎರಡು ನಿಮಿಷಕ್ಕೆ ಕಡಿದು ಹೋಗುತ್ತದೆ. ನಾನು ಹೇಳಬೇಕಾದ್ದು ಎರಡು ನಿಮಿಷದ ಮಾತಲ್ಲ.

ಮಾವನ ವಿಷಯ. ಹೋದ ತಿಂಗಳು ಫೋನಿನಲ್ಲಿ ಅವರು ಸ್ವಲ್ಪ ದೂರ ನಡೆದುಕೊಂಡು ಹೋಗಿದ್ದರು, ಯಾರೋ ಕರೆತಂದರು ಅಂತ ಮಾತ್ರ ಹೇಳಿದ್ದೆ. ಹಾರಿಸಿ ಹೇಳಿದ್ದು ನನ್ನ ತಪ್ಪು. ನಡೆದದ್ದು ಇಷ್ಟು. ಬೆಳಿಗ್ಗೆ ಹತ್ತರ ಹೊತ್ತು. ನಾನು ಗಿರಾಕಿಯೊಬ್ಬರ ಅಳತೆ ತೆಗೆದುಕೊಳ್ಳುತ್ತಿದ್ದೆ. ಮಾವ ಪೆಟ್ಟಿಗೆಯ ತಳದಿಂದ ಡ್ರೈವರಾಗಿದ್ದಾಗಿನ ಹಳೆಯ ಡ್ಯೂಟಿ ಅಂಗಿ ತೆಗೆದು, ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ಹಿಂಬಾಗಿಲಿನಿಂದ ಹೊರಟಿದ್ದಾರೆ. ಸೀದಾ ಬಸ್ ನಿಲ್ದಾಣಕ್ಕೆ. ಅಲ್ಲಿ ಒಂದು ಬಸ್ಸು ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ, ಡ್ರೈವರು ಟೀ ಕುಡಿಯಲು ಇಳಿದಿದ್ದಾನೆ. ಮಾವ ಹತ್ತಿ ಕೂತರು. ಒಳಗೆ ಹದಿನಾಲ್ಕು ಜನ. ಕಂಡಕ್ಟರಮ್ಮ ಹಿಂದಿನ ಸೀಟಿನಲ್ಲಿ ಟಿಕೆಟ್ ಕೊಡುತ್ತಿದ್ದರಂತೆ. ಬಸ್ಸು ಅಲುಗಾಡದೆ ಎಷ್ಟು ಹದವಾಗಿ ಹೊರಟಿತೆಂದರೆ ಅವರಿಗೆ ಅನುಮಾನವೇ ಬರಲಿಲ್ಲವಂತೆ. ತಿರುವಿನಲ್ಲಿ ಸೈಕಲ್ಲಿನವನೊಬ್ಬ ಹೆದರಿ ಚರಂಡಿಗೆ ಬಿದ್ದ. ಮೊಣಕೈ ತರಚಿತು, ಅಷ್ಟೇ. ಅಷ್ಟೇ ಅಂತ ಸಲೀಸಾಗಿ ಬರೆದೆ. ಆ ಹೊತ್ತು ಬಾಗಿಲ ಹತ್ತಿರ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು ಅಂತ ಆಮೇಲೆ ಗೊತ್ತಾಯಿತು.

ಹಳೆಯ ಸಾಬೂನು ಕಾರ್ಖಾನೆ ಇತ್ತಲ್ಲ, ಈಗ ಅಂಗಡಿ ಸಾಲು ಆಗಿದೆ, ಅಲ್ಲಿ ಮಾವ ಬಸ್ಸು ನಿಲ್ಲಿಸಿ ಜನ ಹತ್ತಲಿ ಅಂತ ಕಾಯುತ್ತಾ ಕೂತರಂತೆ. ಈಗ ಅಲ್ಲಿ ನಿಲ್ದಾಣವೇ ಇಲ್ಲ. ಕಂಡಕ್ಟರಮ್ಮ ಮುಂದೆ ಬಂದು ನೋಡಿದರೆ ಇವರು. ಆಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾವನ ಜೊತೆ ಡ್ಯೂಟಿ ಮಾಡಿದವರಂತೆ. ಕೂಗಾಡಲಿಲ್ಲ, ಪುಣ್ಯಾತ್ಗಿತ್ತಿ. "ಸರ್, ನಿಮ್ಮ ಟ್ರಿಪ್ಪು ಇಲ್ಲಿಗೆ ಮುಗೀತು, ಬದಲಿ ಡ್ರೈವರ್ ಬರ್ತಿದ್ದಾರೆ, ಕೀಲಿ ಕೊಡಿ" ಅಂದರು. ಮಾವ ಕೊಟ್ಟುಬಿಟ್ಟರು. ಕೊಡುವಾಗ "ಬ್ರೇಕು ಸ್ವಲ್ಪ ತಡವಾಗಿ ಹಿಡೀತಿದೆ, ಬರೆದುಕೊಳ್ಳಿ" ಅಂದರಂತೆ. ಸಂಜೆ ನಿಲ್ದಾಣದ ಮ್ಯಾನೇಜರ್ ನನ್ನನ್ನು ಕರೆಸಿದರು. ಟೀ ಕುಡಿಯಲು ಹೋದ ಡ್ರೈವರನ ಕೆಲಸ ಹೋಗುವುದರಲ್ಲಿತ್ತು. ಅವನು ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದ. "ನಿಮ್ಮ ಮಾವನ ಮೇಲಿನ ಗೌರವಕ್ಕೆ ಈ ಸಲ ಬಿಡ್ತೀನಮ್ಮ, ಇನ್ನೊಂದು ಸಲ ಆದ್ರೆ ಪೊಲೀಸರಿಗೆ ಹೇಳದೆ ಬೇರೆ ದಾರಿ ಇಲ್ಲ" ಅಂದರು ಮ್ಯಾನೇಜರ್.

ಅವತ್ತಿನಿಂದ ಮುಂಬಾಗಿಲಿಗೂ ಹಿಂಬಾಗಿಲಿಗೂ ಬೀಗ. ಕೀಲಿ ನನ್ನ ಕೊರಳಿನಲ್ಲಿ. ಮಾವ ಕೋಣೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕೋಣೆಗೆ ತಿರುಗುತ್ತಿದ್ದರು. ಪ್ರತಿ ಸಲವೂ ಬಾಗಿಲು ಎಳೆದು ನೋಡುತ್ತಿದ್ದರು. ಆ ಸದ್ದು ಕೇಳಿ ಕೇಳಿ ನನಗೆ ಮೆಷಿನ್ನಿನ ಪೆಡಲ್ ತುಳಿಯುವಾಗಲೂ ಅದೇ ಕೇಳಿಸುತ್ತಿತ್ತು. ನಿಮ್ಮ ಅಕ್ಕನಿಗೆ ಫೋನು ಮಾಡಿ, ಮಾವನನ್ನು ನೋಡಿಕೊಳ್ಳುವವರಿರುವ ಕಡೆ ಬಿಡೋಣವೇ ಅಂತ ಕೇಳಿದೆ. "ನಮ್ಮ ಮನೇಲಿ ಯಾರನ್ನೂ ಹೊರಗೆ ಹಾಕಿಲ್ಲ, ನಿನ್ನ ಕೈಲಾಗದಿದ್ರೆ ಹೇಳು" ಅಂದರು. ಕೈಲಾಗುವುದಿಲ್ಲ ಅಂದೆ. "ನನ್ನ ಮನೆ ಮೂರನೇ ಮಹಡಿ, ಅವರಿಗೆ ಮೆಟ್ಟಿಲು ಹತ್ತೋಕಾಗಲ್ಲ" ಅಂದರು. ಬಸ್ಸು ಹತ್ತಿದವರಿಗೆ ಮೆಟ್ಟಿಲು ಯಾವ ಲೆಕ್ಕ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಮುಂದಿನದನ್ನು ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ಈ ತಿಂಗಳು ಎರಡನೇ ತಾರೀಕು ಮಾವ ತಮ್ಮ ಡ್ರೈವರ್ ಬಿಲ್ಲೆ ನಾನು ಕದ್ದಿದ್ದೇನೆ ಅಂತ ಶುರು ಮಾಡಿದರು. ನಿವೃತ್ತಿಯ ದಿನವೇ ಅದನ್ನು ಆಫೀಸಿಗೆ ವಾಪಸ್ಸು ಕೊಟ್ಟಿದ್ದಾರೆ. ಹತ್ತು ಸಲ ಹೇಳಿದೆ, ಇಪ್ಪತ್ತು ಸಲ ಹೇಳಿದೆ. ಹೊಲಿದಿಟ್ಟ ಅಂಗಿಗಳನ್ನೆಲ್ಲಾ ಎಳೆದು ನೆಲಕ್ಕೆ ಹಾಕಿದರು, ಕತ್ತರಿ ಕೈಗೆ ತೆಗೆದುಕೊಂಡರು. ನಾನು ಕತ್ತರಿ ಕಿತ್ತುಕೊಂಡು, ಅವರ ಎರಡೂ ಭುಜ ಹಿಡಿದು, ಜೋರಾಗಿ ಕುರ್ಚಿಗೆ ಕುಕ್ಕಿದೆ. ಕೂರಿಸಿದೆ ಅಲ್ಲ, ಕುಕ್ಕಿದೆ. ಬಿಡಲೂ ಇಲ್ಲ, ಹಾಗೇ ಅದುಮಿ ಹಿಡಿದೆ. ಮರಿ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ನನಗೆ ಗೊತ್ತೇ ಆಗಿಲ್ಲ. "ಅಮ್ಮಾ, ಬಿಡು, ತಾತ ನಡುಗ್ತಿದ್ದಾರೆ" ಅಂದಳು. ಬಿಟ್ಟೆ. ಮಾವ ನನ್ನನ್ನು ನೋಡಿ "ಏನು ತಪ್ಪಾಯ್ತು ಮೇಡಂ" ಅಂದರು. ಹನ್ನೆರಡು ವರ್ಷದಿಂದ ನನ್ನನ್ನು ಮಗಾ ಅಂತ ಕರೆದ ಬಾಯಿ ಅದು.

ಮರುದಿನ ಡಾಕ್ಟರ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ, ಒಂದು ಚೀಟಿ ಬರೆದುಕೊಟ್ಟರು. ಔಷಧದ ಚೀಟಿ ಅಂದುಕೊಂಡಿದ್ದೆ. ನೋಡಿದರೆ ಗ್ರಂಥಾಲಯದ ಮಹಡಿಯ ಮೇಲೆ ಶನಿವಾರ ಸೇರುವವರ ವಿಳಾಸ. ಮನೆಯಲ್ಲಿ ಇಂಥ ಮರೆವಿನ ರೋಗದ ಹಿರಿಯರನ್ನು ನೋಡಿಕೊಳ್ಳುವವರೇ ಸೇರುವುದು. ಒಂಬತ್ತು ಕುರ್ಚಿ, ಒಂದು ಫ್ಲಾಸ್ಕು. ನಾನು ಬಾಯಿ ಬಿಡಬಾರದು ಅಂತ ಹೋದವಳು ಹತ್ತು ನಿಮಿಷಕ್ಕೆ ಎಲ್ಲಾ ಒದರಿಬಿಟ್ಟೆ. ಯಾರೂ ಛೆ ಅನ್ನಲಿಲ್ಲ. ಹೆಂಡತಿಯನ್ನು ಏಳು ವರ್ಷ ನೋಡಿಕೊಂಡ ಗಡಿಯಾರ ರಿಪೇರಿಯ ಯಜಮಾನರೊಬ್ಬರಿದ್ದಾರೆ, "ನಾನು ಒಂದ್ಸಲ ಆಕೆಯನ್ನ ಬಚ್ಚಲಲ್ಲಿ ಕೂಡಿ ಹಾಕಿ ಬೀದೀಲಿ ನಿಂತು ಅತ್ತಿದ್ದೆನಮ್ಮ" ಅಂದರು. ಮಾವನ ಹತ್ತಿರ ವಾದ ಮಾಡಬೇಡ, ಬಿಲ್ಲೆ ಹುಡುಕೋಣ ಬನ್ನಿ ಅಂತ ಜೊತೆಗೇ ಹುಡುಕು ಅಂತ ಹೇಳಿಕೊಟ್ಟವರೂ ಅವರೇ. ಮಾಡಿ ನೋಡಿದೆ. ಹತ್ತು ನಿಮಿಷ ಹುಡುಕಿ ಸುಸ್ತಾಗಿ ಇಬ್ಬರೂ ಮಲಗಿದೆವು.

ಅವರ ಮಾತು ಕೇಳಿ, ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮೂರು ಕಡೆ ನೋಡಿ ಬಂದೆ. ಮೊದಲನೆಯದು ಹುಲ್ಲುಹಾಸು, ಲಿಫ್ಟು, ಕೇರಂ ಕೋಣೆ, ಎಲ್ಲಾ ಇರುವ ಜಾಗ. ಆದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ. ಎರಡನೆಯ ಕಡೆ ಮಧ್ಯಾಹ್ನ ಹನ್ನೆರಡಾದರೂ ಹೆಚ್ಚಿನವರು ಹಾಸಿಗೆ ಬಿಟ್ಟಿರಲಿಲ್ಲ. ಒಬ್ಬ ಅಜ್ಜಿಯ ಸೊಂಟಕ್ಕೆ ಬಟ್ಟೆ ಸುತ್ತಿ ಕುರ್ಚಿಗೆ ಕಟ್ಟಿದ್ದರು. ಗಂಟು ನೋಡಿದೆ. ಬಿಚ್ಚುವ ಗಂಟಲ್ಲ. ಹಿಂದೆ ನೋಡದೆ ಬಂದೆ. ಮೂರನೆಯದು ಒಬ್ಬ ನಿವೃತ್ತ ನರ್ಸಮ್ಮನ ಮನೆ. ಹತ್ತು ಜನ ಇದ್ದರು, ಹನ್ನೊಂದನೆಯ ಕೋಣೆ ಖಾಲಿ ಇತ್ತು. ಅಂಗಳಕ್ಕೆ ಎತ್ತರದ ಗೋಡೆ, ಆದರೆ ಒಳಗಿನ ಬಾಗಿಲು ಯಾವುದಕ್ಕೂ ಬೀಗವಿಲ್ಲ; ಎಷ್ಟು ಬೇಕಾದರೂ ತಿರುಗಬಹುದು. ಹೇಳದೆ ಕೇಳದೆ ಎರಡು ಸಲ ಹೋಗಿ ನೋಡಿದೆ, ಊಟದ ಹೊತ್ತಿನಲ್ಲಿ ಒಮ್ಮೆ, ಸ್ನಾನದ ಹೊತ್ತಿನಲ್ಲಿ ಒಮ್ಮೆ. ನರ್ಸಮ್ಮ ಮಾವನ ರೋಗದ ಹೆಸರು ಕೇಳುವ ಮೊದಲು ಅವರು ಎಷ್ಟು ಗಂಟೆಗೆ ಏಳುತ್ತಾರೆ, ಯಾವ ಕೈಯಲ್ಲಿ ಲೋಟ ಹಿಡಿಯುತ್ತಾರೆ ಅಂತ ಕೇಳಿದರು. ನನಗೆ ಎರಡನೆಯದಕ್ಕೆ ಉತ್ತರ ಗೊತ್ತಿರಲಿಲ್ಲ, ನಾಚಿಕೆಯಾಯಿತು. ಕೋಣೆಯನ್ನು ಸೋಮವಾರದವರೆಗೆ ಹಿಡಿದಿಡುತ್ತೇನೆ ಅಂದರು.

ನಾನು ಬರುವವರೆಗೆ ಅಪ್ಪನನ್ನು ಎಲ್ಲಿಗೂ ಕಳಿಸಬೇಡ ಅಂತ ಹೋದ ತಿಂಗಳ ಆ ಫೋನಾದ ಮೇಲೆ ನೀವು ಬರೆದ ಕಾಗದ ಮೆಷಿನ್ನಿನ ಡ್ರಾಯರಿನಲ್ಲೇ ಇದೆ. ಅದನ್ನು ಬರೆಯುವಾಗ ನಿಮಗಾದ ಸಂಕಟ ನನಗೆ ಅರ್ಥವಾಗುತ್ತದೆ. ನೀವು ಬರಲು ಇನ್ನೂ ಐದು ತಿಂಗಳು. ಹೋದ ಭಾನುವಾರ ಬೆಳಿಗ್ಗೆ ಮಾವನ ತಲೆ ಸ್ವಚ್ಛವಾಗಿತ್ತು, ನನ್ನನ್ನು ಮಗಾ ಅಂದರು. ಆಗಲೇ ಕೇಳಿದೆ, ಹಗಲೂ ರಾತ್ರಿ ನೋಡಿಕೊಳ್ಳುವವರಿರುವ ಮನೆಯಿದೆ, ಅಲ್ಲಿರುತ್ತೀರಾ ಅಂತ. "ನಿನಗೆ ನನ್ನ ಕಂಡ್ರೆ ಭಯ ಆಗ್ತಿದೆಯಾ?" ಅಂದರು. ನಿಮ್ಮನ್ನು ಕಂಡಲ್ಲ ಮಾವ, ನನ್ನನ್ನೇ ಕಂಡು ಅಂದೆ. ತಲೆಯಾಡಿಸಿದರು. ಒಪ್ಪಿದರೋ, ಅರ್ಥವಾಯಿತೋ, ಬರಿದೇ ಆಡಿಸಿದರೋ, ನನಗೆ ಗೊತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಸಮಾಧಾನವಾಗಿ ಯೋಚಿಸಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕಿವಿ ಜೋಪಾನ. ನಿಮ್ಮ ಕೋಣೆಯ ಜೊತೆಗಾರರನ್ನು ಕೇಳಿದೆನೆಂದು ಹೇಳಿ. ಮರಿ ನಿಮಗೆ ಮುತ್ತು ಕಳಿಸಿದ್ದಾಳೆ, ಬಿದ್ದ ಹಲ್ಲನ್ನೂ ಲಕೋಟೆಗೆ ಹಾಕುತ್ತೇನೆಂದು ಹಟ ಮಾಡಿದಳು, ನಾನೇ ಬೇಡವೆಂದೆ.

ಇಂತಿ,
ನಿಮ್ಮ ಮನೆಯಾಕೆ

ಮರೆತದ್ದಲ್ಲ, ಬರೆಯಲು ಧೈರ್ಯ ಬರದೆ ಕೊನೆಗೆ ಬಿಟ್ಟದ್ದು: ನರ್ಸಮ್ಮ ಹೇಳಿದ ಸೋಮವಾರ ಕಳೆದು ಇವತ್ತಿಗೆ ಮೂರು ದಿನ. ಮಾವ ಅಲ್ಲೇ ಇದ್ದಾರೆ. ಒಪ್ಪಿಗೆ ಕೇಳಿ ಬರೆದರೆ ನೀವು ಬೇಡ ಅನ್ನುತ್ತೀರಿ, ನಾನು ಕೇಳುತ್ತೇನೆ, ಆಮೇಲೆ ಮತ್ತೆ ಅವರ ಭುಜ ಹಿಡಿಯುತ್ತೇನೆ. ಅದಕ್ಕೇ ಅಲ್ಲಿ ಸೇರಿಸುವ ಕಾಗದಕ್ಕೆ ಸಹಿ ನಾನೇ ಹಾಕಿದೆ. ಮೊದಲ ದಿನ ಊಟ ಮುಟ್ಟಲಿಲ್ಲ, ನಿನ್ನೆ ಎರಡು ಸಲ ಬಡಿಸಿಕೊಂಡರಂತೆ. ದಿನಾ ನಾಲ್ಕಕ್ಕೆ ಹೋಗುತ್ತೇನೆ, ಈಗಲೂ ಹೊರಟೆ. ಬೈಯುವುದಿದ್ದರೆ ನನಗೆ ಬೇರೆ ಕಾಗದದಲ್ಲಿ ಬೈದು ಬರೆಯಿರಿ, ಅವರಿಗೆ ಮಾತ್ರ ಒಳ್ಳೆಯ ಮಾತು ಬರೆಯಿರಿ. ನರ್ಸಮ್ಮ ಓದಿ ಹೇಳುತ್ತಾರೆ. ವಿಳಾಸ ಈ ಹಾಳೆಯ ಹಿಂದಿದೆ.